ಕುಚ್ಚುಮೀನು ನೀರಿನ ಮೇಲೆ ಬಂದು ಬಾಯಿ ತೆರೆಯುವುದೇಕೆ

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು, ಮಗು. ಬೆಟ್ಟಗಳಿಗೆ ತಾವು ಎಲ್ಲಿ ನಿಲ್ಲಬೇಕೆಂದೇ ಗೊತ್ತಿರಲಿಲ್ಲ. ಅಲೆದು ಅಲೆದು ಸುಸ್ತಾದ ಒಂದು ಬೆಟ್ಟ ಹೊಳೆಗೆ ಅಡ್ಡವಾಗಿ ಕೂತುಬಿಟ್ಟಿತು.

“ಸ್ವಲ್ಪ ಸರಿ, ನಾನು ಹೋಗ್ಬೇಕು,” ಎಂದಿತು ಹೊಳೆ.

“ಕಾಲು ನೋಯ್ತಿದೆ. ನೀನೂ ಸ್ವಲ್ಪ ಕೂತ್ಕೋ,” ಎಂದಿತು ಬೆಟ್ಟ.

ಹೊಳೆಯೂ ಕೂತಿತು. ಕೂತ ನೀರು ಏರಿ ಏರಿ, ಕಣ್ಣು ಹಾಯುವಷ್ಟು ದೂರ ಹರಡಿ, ದೊಡ್ಡ ಜಲಾಶಯವಾಯಿತು.

ಅದರ ದಡದಲ್ಲಿ ಪುಟ್ಟೀರಿ ಎಂಬ ಹೆಂಗಸು ಗುಡಿಸಲು ಕಟ್ಟಿಕೊಂಡಳು. ಅವಳಷ್ಟು ಚೆನ್ನಾಗಿ ಗಾಳ ಹಾಕುವವರು ಯಾರೂ ಇರಲಿಲ್ಲ. ಎರೆಹುಳು ಅವಳಿಗೆ ಬೇಕಿರಲಿಲ್ಲ. ಗಾಳದ ಕುತ್ತಿಗೆಗೆ ಸಣ್ಣ ಕಲ್ಲು, ಬಾಲಕ್ಕೆ ಹುಂಜದ ಗರಿ ಕಟ್ಟಿ, ತೆಪ್ಪದಿಂದ ಕೆಳಗಿಳಿಸಿ, ನೀರಿನ ತಳದಲ್ಲಿ ಕುಣಿಸುತ್ತಿದ್ದಳು. ಗರಿ ಥೇಟ್ ಪುಟ್ಟ ಮೀನಿನಂತೆ ಜಿಗಿಯುತ್ತಿತ್ತು. ಹಸಿದ ಮೀನು ಬಂದು ಗಬಕ್ಕನೆ ಹಿಡಿಯುತ್ತಿತ್ತು.

ಒಂದು ದಿನ ತೆಪ್ಪದ ಪಕ್ಕ ದೊಡ್ಡದೊಂದು ಕುಚ್ಚುಮೀನು ತಲೆ ಎತ್ತಿತು. ಹಾವಿನಂಥ ತಲೆ, ಕಪ್ಪು ಬೆನ್ನು.

“ಪುಟ್ಟೀರಿ, ಬೇಸಿಗೇಲಿ ನಾವು ಆಳದ ಬಂಡೆ ನೆರಳಲ್ಲಿರ್ತೀವಿ, ಅಲ್ಲಿ ಕುಣಿಸು. ಚಳೀಲಿ ನಮ್ಮ ಮೈಯೆಲ್ಲ ಜಡ, ನಿಧಾನವಾಗಿ ಕುಣಿಸು. ಸಿಕ್ಕವರು ನಿನ್ನವರು. ಆದ್ರೆ ಮಳೆಗಾಲದಲ್ಲಿ ಬೇಡಮ್ಮ. ಆಗ ಮರಿಗಳಿರ್ತವೆ.”

“ಆಗಲಿ ತಾಯಿ,” ಎಂದಳು ಪುಟ್ಟೀರಿ.

ಹಾಗೇ ನಡೆದುಕೊಂಡಳು ಕೂಡ. ಬೇಸಿಗೆಯಲ್ಲಿ ಬಂಡೆಯ ನೆರಳಿನಲ್ಲಿ ಕುಣಿಸಿದಳು. ಚಳಿಗಾಲದಲ್ಲಿ ನಿಧಾನವಾಗಿ ಕುಣಿಸಿದಳು. ಮಳೆ ಬಂದಾಗ ಗಾಳವನ್ನು ಸೂರಿಗೆ ಸಿಕ್ಕಿಸಿ, ಸೊಪ್ಪು ಕೊಯ್ದು ಉಂಡಳು.

ಹೀಗಿರುವಾಗ, ಒಂದು ಮಳೆಗಾಲದಲ್ಲಿ ಅವಳ ಅಣ್ಣ ಜವರ ದೂರದಿಂದ ನಡೆದು ಬಂದ. ಎಷ್ಟೋ ವರ್ಷಗಳ ಮೇಲೆ ಬಂದಿದ್ದ.

“ಇಷ್ಟೊಂದು ನೀರಿನ ಪಕ್ಕ ಇದ್ದೂ ನಂಗೆ ಸೊಪ್ಪಿನ ಸಾರೇನಮ್ಮ?” ಎಂದು ನಕ್ಕ.

ಅವನು ತಮಾಷೆಗೆ ಅಂದದ್ದು. ಪುಟ್ಟೀರಿಗೆ ಮಾತ್ರ ಅದು ಮುಳ್ಳಿನಂತೆ ಚುಚ್ಚಿತು. ಸೂರಿನಿಂದ ಗಾಳ ತೆಗೆದು ತೆಪ್ಪ ಹತ್ತಿದಳು.

“ಮಳೆಗಾಲ, ಪುಟ್ಟೀರಿ,” ಎಂದಿತು ಗಾಳಿ.

“ಗೊತ್ತು. ಒಂದೇ ಒಂದು,” ಎಂದಳು ಅವಳು.

ಜೊಂಡಿನ ನಡುವೆ ನೀರು ಕೆಂಪಗೆ ಮಿನುಗುತ್ತಿತ್ತು. ಕುಚ್ಚುಮೀನಿನ ಮರಿಗಳು, ಯಾರೋ ಕುಂಕುಮ ಚೆಲ್ಲಿದ ಹಾಗೆ. ಗರಿ ಅವುಗಳ ಹತ್ತಿರ ಒಮ್ಮೆ ಕುಣಿಯಿತು, ಅಷ್ಟೇ. ಕೆಳಗಿನಿಂದ ತಾಯಿ ಬಾಣದಂತೆ ಬಂದು ಕಚ್ಚಿತು.

ತೆಪ್ಪಕ್ಕೆ ಎಳೆದುಕೊಂಡಾಗ ಪುಟ್ಟೀರಿಗೆ ಗುರುತು ಸಿಕ್ಕಿತು. ಅದೇ ಹಾವಿನಂಥ ತಲೆ, ಅದೇ ಕಪ್ಪು ಬೆನ್ನು.

“ಅದು ನಿನ್ನ ಗರಿ ಅಂತ ಗೊತ್ತಿತ್ತು,” ಎಂದಿತು ಮೀನು.

“ಗೊತ್ತಿದ್ದೂ ಯಾಕೆ ಕಚ್ಚಿದೆ?”

“ಮರಿಗಳ ಹತ್ತಿರ ಬಂತಲ್ಲ, ಪುಟ್ಟೀರಿ. ಗರಿಯೋ ಹಾವೋ ಅಂತ ನೋಡ್ತಾ ನಿಲ್ಲೋಕಾಗುತ್ತಾ?”

ಪುಟ್ಟೀರಿ ಮೀನಿನ ಬಾಯಿ ಅಗಲಿಸಿ ನೋಡಿದಳು. ಗಾಳ ಗಂಟಲಿಗೇ ಇಳಿದಿತ್ತು. ಮೆಲ್ಲಗೆ, ಮೆಲ್ಲಗೆ ಎಂದುಕೊಂಡೇ ಬಿಡಿಸಿದಳು. ಆದರೂ ಗಂಟಲು ಹರಿಯಿತು. ಅಳುತ್ತಾ ಮೀನನ್ನು ನೀರಿಗೆ ಬಿಟ್ಟಳು.

ಅಷ್ಟರಲ್ಲಿ ನೀರುಕಾಗೆಗಳು ಬಂದೆರಗಿ ಮರಿಗಳನ್ನು ನುಂಗಿದ್ದವು. ಉಳಿದ ಮರಿಗಳು ಹೆದರಿ ದಿಕ್ಕಾಪಾಲಾಗಿದ್ದವು. ತಾಯಿ ಮೇಲೆ ಬಂತು, ಅವುಗಳನ್ನು ಕೂಗಲು ಬಾಯಿ ತೆರೆಯಿತು. ದನಿ ಬರಲಿಲ್ಲ. ಮುಳುಗಿ ಹುಡುಕಿತು. ಮತ್ತೆ ಮೇಲೆ ಬಂತು, ಮತ್ತೆ ಬಾಯಿ ತೆರೆಯಿತು. ದನಿ ಬರಲೇ ಇಲ್ಲ.

“ಬನ್ರೋ ಮಕ್ಕಳೇ, ನಿಮ್ಮಮ್ಮ ಇಲ್ಲಿದ್ದಾಳೆ ಬನ್ರೋ!” ಎಂದು ಪುಟ್ಟೀರಿಯೇ ಕೂಗಿದಳು. ಹೊತ್ತು ಮುಳುಗುವವರೆಗೂ ಕೂಗಿದಳು. ಮರಿಗಳಿಗೆ ಅವಳ ದನಿಯ ಗುರುತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವಳು ಬರಿಗೈಯಲ್ಲಿ ಬಂಡೆಯ ಹತ್ತಿರ ಹೋದಳು. ನೀರಿಗೆ ಬಗ್ಗಿ, “ತಪ್ಪಾಯ್ತು,” ಎಂದಳು. ಕೆಳಗೆ ನೆರಳುಗಳು ಸುಳಿದಾಡಿದವು. ಯಾವ ಮೀನೂ ಮಾತಾಡಲಿಲ್ಲ. ಆಮೇಲೆ ಮನುಷ್ಯರ ಜೊತೆ ಯಾವ ಮೀನೂ ಮಾತಾಡಿಲ್ಲ.

ಈಗಲೂ ನೀರಿನ ಪಕ್ಕ ಸದ್ದು ಮಾಡದೆ ಕೂತು ನೋಡು, ಮಗು: ಕುಚ್ಚುಮೀನೊಂದು ಮೇಲೆ ಬಂದು, ಬಾಯಿ ತೆರೆದು, ದನಿಯೇ ಇಲ್ಲದೆ ಮತ್ತೆ ಮುಳುಗುತ್ತದೆ. ಅದು ತನ್ನ ಮರಿಗಳನ್ನು ಕರೆಯುತ್ತಿದೆ.