ಯಜಮಾನನ ಕುರ್ಚಿ

ನದಿ ದಡದ ಆ ಹಳೆಯ ಮನೆಯಲ್ಲಿ ಒಂದು ಕಾಲಕ್ಕೆ ಡಚ್ ವ್ಯಾಪಾರಿಯೊಬ್ಬ ಇದ್ದನಂತೆ. ಅದನ್ನು ವಸ್ತುಸಂಗ್ರಹಾಲಯ ಮಾಡುವ ಕೆಲಸ ವಾಮನ ಮಾಷ್ಟ್ರ ಪಾಲಿಗೆ ಬಂತು. ಹಳೆಯ ಮನೆಗಳಿಗೆ ಅವುಗಳ ಕಾಲದ ಸಾಮಾನು ಜೋಡಿಸುವುದರಲ್ಲೇ ಅವರ ತಲೆ ನರೆತಿತ್ತು. ಈಗ ಕಣ್ಣೂ ಮಂಜಾಗಿತ್ತು.

ವ್ಯಾಪಾರಿಯ ಕೋಣೆಯನ್ನು ಅವರು ಶಿಷ್ಯೆ ಪದ್ಮಲತೆಗೆ ಬಿಟ್ಟರು.

“ಇದೊಂದು ನೀನೇ ಮಾಡು. ಸರಿಬಂದ್ರೆ ಮನೆಯ ಬೀಗದ ಕೈ ಇನ್ನು ನಿನಗೆ.”

ಅವಳು ಊಟ ನಿದ್ದೆ ಬಿಟ್ಟು ದುಡಿದಳು. ಕಪ್ಪು ಮರದ ಕಪಾಟು, ನೀಲಿ ಬಿಳಿ ತಟ್ಟೆಗಳು, ಹಡಗಿನ ತೈಲಚಿತ್ರ. ನಡುವೆ, ಆ ಮನೆಯದ್ದೇ ಆಗಿ ಉಳಿದಿದ್ದ ಒಂದೇ ಒಂದು ಕೆತ್ತನೆ ಕುರ್ಚಿ. ಎಲ್ಲದರ ಮುಖವೂ ಬಾಗಿಲಿನ ಕಡೆಗೆ, ನೋಡಲು ಬರುವವರ ಕಡೆಗೆ.

ಮಾಷ್ಟ್ರು ಬಂದು ಒಂದು ಸುತ್ತು ಹಾಕಿದರು.

“ಸಾಮಾನು ಲಾಯ್ಕ ಉಂಟು. ಯಜಮಾನ ಎಲ್ಲಿ?”

ಪದ್ಮಲತೆ ತಬ್ಬಿಬ್ಬಾದಳು. ಉಗ್ರಾಣ ತಡಕಾಡಿ, ಬಿಳಿ ಕಾಲರಿನ ಡಚ್ಚನೊಬ್ಬನ ಭಾವಚಿತ್ರ ತಂದು ಗೋಡೆಗೆ ಹಾಕಿದಳು.

“ಇವ ಯಾರೋ ನೆಂಟ,” ಅಂದರು ಮಾಷ್ಟ್ರು. “ಯಜಮಾನ ಎಲ್ಲಿ?”

ಸಾಮಾನು ಹೆಚ್ಚಾಯಿತೇನೋ ಎಂದು ಅರ್ಧ ತಟ್ಟೆಗಳನ್ನು ತೆಗೆದಳು. ಮತ್ತೆ ಅದೇ ಪ್ರಶ್ನೆ.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. “ಅವ ಸತ್ತು ಮುನ್ನೂರು ವರ್ಷ ಆಯ್ತು ಮಾಷ್ಟ್ರೇ. ನಾನು ಎಲ್ಲಿಂದ ತರ್ಲಿ?”

ಮಾಷ್ಟ್ರು ಕುರ್ಚಿ ತೋರಿಸಿದರು. “ಕೂತ್ಕೋ.”

ಕೂತಳು.

“ಎಂತ ಕಾಣ್ತದೆ?”

“ಬಾಗಿಲು. ನೋಡ್ಲಿಕ್ಕೆ ಬರುವವರು ನಿಲ್ಲುವ ಜಾಗ.”

“ಅವರು ಬರ್ತಾರೆ ಅಂತ ಅವನಿಗೆ ಗೊತ್ತಿತ್ತಾ?”

ಅವಳ ಬೆನ್ನ ಹಿಂದೆ, ಕಿಟಕಿಯಾಚೆ, ದೋಣಿಯ ಹುಟ್ಟಿನ ಸದ್ದು ಕೇಳಿಸಿತು. ಎದ್ದು ಕಿಟಕಿಯ ಬಳಿ ಹೋದಳು. ತಾನೇ ಹಾಸಿದ್ದ ಜಮಖಾನೆಯ ಅಡಿಯಲ್ಲಿ ಕಾಲಿಗೆ ಏನೋ ತಗ್ಗು ಸಿಕ್ಕಿತು. ಸರಿಸಿ ನೋಡಿದರೆ, ನೆಲದ ಹಲಗೆಯಲ್ಲಿ ನಾಲ್ಕು ಸವೆದ ಕುಳಿಗಳು.

ಕುರ್ಚಿ ಎಳೆದು ತಂದು ಕಿಟಕಿಗೆ ಮುಖ ಮಾಡಿ ಇಟ್ಟಳು. ಅದರ ಕಾಲುಗಳು ಸರಿಯಾಗಿ ಆ ಕುಳಿಗಳಲ್ಲಿ ಕೂತವು. ಅಲ್ಲಿಂದ ನದಿ ಸಮುದ್ರ ಸೇರುವ ಜಾಗ ಕಾಣುತ್ತಿತ್ತು. ಹಿಂದೆ ಹಡಗುಗಳು ಬರುತ್ತಿದ್ದ ದಾರಿ ಅದು.

ತನ್ನ ಊರಿನಿಂದ ಅಷ್ಟು ದೂರ ಕೂತು ಹಡಗಿನ ದಾರಿ ಕಾದ ಆ ಮನುಷ್ಯನ ಬಗ್ಗೆ ಮೊದಲ ಸಲ ಅವಳಿಗೆ ಅಯ್ಯೋ ಅನ್ನಿಸಿತು.

ಮಾಷ್ಟ್ರು ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟರು.

ಆದರೂ ಅವಳಿಗೆ ಅಳುಕು. “ಕೆತ್ತನೆಯೆಲ್ಲ ಆಚೆ ಬದಿಗೆ ಹೋಯ್ತಲ್ಲ ಮಾಷ್ಟ್ರೇ. ಬಂದವರಿಗೆ ಬರೀ ಬೆನ್ನು ಕಾಣ್ತದೆ.”

“ಕಾಣ್ಲಿ,” ಅಂದರು ಮಾಷ್ಟ್ರು. “ಅವ ತಿರುಗುವವರೆಗೆ ಅವರೂ ಸ್ವಲ್ಪ ಕಾಯ್ಲಿ.”