ಆರು ತಂತಿ, ಒಂದು ಚೊಂಬು

ಹೊಳೆಯ ದಂಡೆಯ ಆಶ್ರಮದಲ್ಲಿ ಸಂಜೆಯ ಭಜನೆಗೆ ಗೌರವ್ವ ಹಾಡುತ್ತಿದ್ದಳು.

ವಯಸ್ಸಾಗಿ ಅವಳ ಕಿವಿ ಮಂದವಾಗಿತ್ತು. ಹಾರ್ಮೋನಿಯಂ ಮೇಲೆ ಅಂಗೈ ಇಟ್ಟು, ಮರದ ನಡುಕದಿಂದಲೇ ಶ್ರುತಿ ಹಿಡಿಯುತ್ತಿದ್ದಳು.

ಮಳೆಗಾಲದಲ್ಲಿ ಹಾರ್ಮೋನಿಯಂನ ತಿದಿಯನ್ನು ಇಲಿಗಳು ಕಡಿದುಹಾಕಿದವು. ಆಸರೆಯಿಲ್ಲದೆ ಹಾಡಿದ ದಿನ ಅವಳ ಶ್ರುತಿ ತಪ್ಪಿತು. ಬಂದಿದ್ದ ಭಕ್ತರಲ್ಲಿ ಯಾರೋ ನಕ್ಕರು. ನಗು ಅವಳಿಗೆ ಕೇಳಿಸಲಿಲ್ಲ, ಕಾಣಿಸಿತು.

ಅಂದಿನಿಂದ ಅವಳು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂರತೊಡಗಿದಳು.

ಆಶ್ರಮದಲ್ಲಿ ಒಂದು ಗಿಟಾರ್ ಇತ್ತು. ಗುರು ಶಂಭುಲಿಂಗಯ್ಯನವರು ಇಲ್ಲಿಗೆ ಬರುವ ಮೊದಲು ಆರ್ಕೆಸ್ಟ್ರಾ ಒಂದರಲ್ಲಿ ಅದನ್ನು ನುಡಿಸುತ್ತಿದ್ದರು. ಈಗ ಅವರ ಎಡಗೈಯ ಬೆರಳುಗಳು ಬಾಗುತ್ತಿರಲಿಲ್ಲ.

ಶಿಷ್ಯ ಇಂದುಧರ ಗೌರವ್ವನಿಗೆ ಮಾತು ಕೊಟ್ಟ. ಸೋಮವಾರದ ಭಜನೆಗೆ ತಾನು ಗಿಟಾರ್ ನುಡಿಸುತ್ತೇನೆ, ಅವಳು ಅದರ ಮೇಲೆ ಕೈಯಿಟ್ಟು ಹಾಡಬೇಕು ಎಂದ.

“ನನ್ನ ಕೈಗೆ ತಿಳಿಯುವಷ್ಟು ನಡುಗಿಸು ತಮ್ಮಾ, ಸಾಕು,” ಎಂದಳು ಗೌರವ್ವ.

ಗುರುಗಳು ತಂತಿಗಳನ್ನು ಅವಳ ಶ್ರುತಿಗೆ ಕೂಡಿಸಿದರು. ಒಂದು ತಂತಿಯ ನಡುಕ ಅಂಗೈಗೆ ಸಾಲದು, ಆರೂ ಒಟ್ಟಿಗೆ ನುಡಿಯಬೇಕು, ಅದಕ್ಕೆ ಕಾರ್ಡ್ ಎನ್ನುತ್ತಾರೆ ಎಂದು ಹೇಳಿ, ಕಾರ್ಡ್‌ನ ಚಿತ್ರವಿದ್ದ ಒಂದು ಹಾಳೆ ಕೊಟ್ಟರು.

ಇಂದುಧರ ಹಾಳೆಯನ್ನು ಹೀಗೆ ಹಿಡಿದ, ಹಾಗೆ ಹಿಡಿದ.

“ಇದು ಕಿಟಕಿಯ ಸರಳಿನ ಹಾಗಿದೆ, ಗುರುಗಳೇ.”

ಗುರುಗಳು ಗಿಟಾರನ್ನು ಕಂಬಕ್ಕೆ ಒರಗಿಸಿ, ತಂತಿಗಳು ಅವನ ಕಡೆಗೆ ಬರುವಂತೆ ನೆಟ್ಟಗೆ ನಿಲ್ಲಿಸಿದರು. ಅದರ ಪಕ್ಕದಲ್ಲಿ ಹಾಳೆ ಹಿಡಿದರು.

ಅವನಿಗೆ ಕೂಡಲೇ ಕಂಡಿತು. ಆರು ಉದ್ದ ಗೆರೆಗಳು ಆರು ತಂತಿ. ಅಡ್ಡ ಗೆರೆಗಳು ಗಿಟಾರಿನ ಕತ್ತಿನ ಮೇಲಿದ್ದ ಲೋಹದ ಪಟ್ಟಿಗಳು. ಕಪ್ಪು ಚುಕ್ಕೆ ಇದ್ದಲ್ಲಿ ಬೆರಳು. ಮೂರು ತಂತಿಗಳ ಚುಕ್ಕೆಗಳೊಳಗೆ ಒಂದು, ಎರಡು, ಮೂರು ಎಂದು ಬರೆದಿತ್ತು. ಉಳಿದ ಮೂರು ತಂತಿಗಳ ನೆತ್ತಿಯಲ್ಲಿ ಒಂದೊಂದು ಸೊನ್ನೆ.

ಗುರುಗಳು ಇನ್ನೇನೋ ಹೇಳಲು ಬಾಯಿ ತೆರೆದರು.

“ಸಾಕು ಗುರುಗಳೇ, ತಿಳಿಯಿತು. ಉಳಿದದ್ದು ನಾನೇ ಓದಿಕೊಳ್ಳುತ್ತೇನೆ.”

ಗುರುಗಳು ಹಾಳೆಯನ್ನು ಅವನ ಕೈಗೆ ಕೊಟ್ಟರು.

ಇಂದುಧರ ಕ್ರಮ ತಪ್ಪದ ಹುಡುಗ. ಒಂದನೆಯ ಚುಕ್ಕೆಯಲ್ಲಿ ಬೆರಳಿಟ್ಟು ಮೀಟಿದ. ಬೆರಳೆತ್ತಿ ಎರಡನೆಯದಕ್ಕೆ ಹೋದ. ಅದನ್ನೂ ಎತ್ತಿ ಮೂರನೆಯದಕ್ಕೆ. ಸೊನ್ನೆ ಇದ್ದ ತಂತಿಗಳ ಗೊಡವೆಗೇ ಹೋಗಲಿಲ್ಲ.

ಒಂದು ನುಡಿಯುವಾಗ ಇನ್ನೊಂದು ನಿಂತಿರುತ್ತಿತ್ತು. ವೇಗ ಸಾಲದೆಂದು ಬೇಗ ಬೇಗ ಮಾಡಿದ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದವು. ಇನ್ನೂ ಬೇಗ ಮಾಡಿದ.

ಸೋಮವಾರ ಮಧ್ಯಾಹ್ನ ಗೌರವ್ವ ಬಂದು ಗಿಟಾರಿನ ಮೇಲೆ ಅಂಗೈ ಇಟ್ಟಳು. ಅವನು ಮೀಟಿದ.

“ಶುರು ಮಾಡು,” ಎಂದಳು.

ಆಗಲೇ ಶುರುವಾಗಿದೆ ಎಂದು ಅವನು ಸನ್ನೆ ಮಾಡಿದ.

“ಹೌದಾ? ನಾನು ನೊಣ ಕೂತಿತು ಅಂದುಕೊಂಡೆ.”

ತಾನೇ ನಕ್ಕಳು. ಆಮೇಲೆ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು.

“ಇರಲಿ ಬಿಡು ತಮ್ಮಾ. ಹಿಂದೆ ಕೂತು ರೂಢಿಯಾಗಿದೆ.”

ಇಂದುಧರ ಹೊಳೆಗೆ ಹೋದ. ಗುರುಗಳು ಮೆಟ್ಟಿಲ ಮೇಲೆ ಕುಳಿತಿದ್ದರು. ತನ್ನ ಬೆರಳುಗಳಿಗೆ ವೇಗವಿಲ್ಲ, ಇದು ತನ್ನಿಂದ ಆಗುವುದಿಲ್ಲ, ಸಂಜೆ ಗೌರವ್ವನ ಮುಖ ಹೇಗೆ ನೋಡಲಿ ಎಂದ.

“ಬಾಯಾರಿದೆ. ಒಂದು ಚೊಂಬು ನೀರು ತಾ,” ಎಂದರು ಗುರುಗಳು.

ಅವನು ಚೊಂಬು ತುಂಬಿ ತಂದು ಮೆಟ್ಟಿಲ ಮೇಲೆ ಇಟ್ಟ.

“ನನ್ನ ಕೈಗೆ ಕೊಡು. ಮೊದಲು ತೋರುಬೆರಳಿನಿಂದ ಎತ್ತು.”

ಅವನು ತೋರುಬೆರಳು ಒತ್ತಿದ. ಚೊಂಬು ಜರುಗಿತು.

“ಆ ಬೆರಳು ತೆಗೆ. ಈಗ ನಡುಬೆರಳು.”

ಇನ್ನಷ್ಟು ಜರುಗಿತು.

“ಅದನ್ನೂ ತೆಗೆ. ಈಗ ಉಂಗುರಬೆರಳು.”

ಚೊಂಬು ಮೆಟ್ಟಿಲಿನಿಂದ ಉರುಳಿ, ನೀರು ಚೆಲ್ಲಿ, ಹೊಳೆಗೆ ಬಿತ್ತು.

“ವೇಗ ಸಾಲದು,” ಎಂದರು ಗುರುಗಳು.

“ವೇಗದ ಮಾತಲ್ಲ ಗುರುಗಳೇ. ಒಂದೊಂದೇ ಬೆರಳಿನಿಂದ ಚೊಂಬು ಯಾರು ಎತ್ತುತ್ತಾರೆ?”

“ಹೊಳೆಯಿಂದ ನೀರು ತಂದೆಯಲ್ಲಾ, ಆಗ ಮೊದಲು ಯಾವ ಬೆರಳು ಇಟ್ಟೆ?”

“ನೋಡಲಿಲ್ಲ. ಎಲ್ಲವೂ ಒಟ್ಟಿಗೇ...”

ಅವನು ಜೇಬಿನಿಂದ ಹಾಳೆ ತೆಗೆದ. ಒಂದು ತೋರುಬೆರಳು. ಎರಡು ನಡುಬೆರಳು. ಮೂರು ಉಂಗುರಬೆರಳು. ಅದು ಸರದಿಯಲ್ಲ. ಯಾವ ಚುಕ್ಕೆ ಯಾವ ಬೆರಳಿನದು ಎಂದಷ್ಟೇ ಬರೆದಿತ್ತು.

ಅವನಿಗೆ ನಗು ಬಂತು. ಇಷ್ಟು ದಿನ ಬಿಗಿದುಕೊಂಡಿದ್ದ ಭುಜಗಳು ಸಡಿಲವಾದವು. ಎದ್ದು ಆಶ್ರಮದ ಕಡೆಗೆ ಓಡಿದವನು ಅರ್ಧ ದಾರಿಯಿಂದ ತಿರುಗಿ ಬಂದ.

“ಗುರುಗಳೇ, ಸೊನ್ನೆ?”

“ಈ ಸಲ ಕೇಳಿದೆ,” ಎಂದರು ಗುರುಗಳು. “ಆ ತಂತಿಗಳನ್ನು ಒತ್ತಬೇಡ. ಆದರೆ ಮೀಟದೆ ಬಿಡಬೇಡ.”

“ಒತ್ತದೆ ನುಡಿಯುತ್ತವೆಯೇ?”

“ಈ ಹೊಳೆಯನ್ನು ಯಾರು ಒತ್ತುತ್ತಿದ್ದಾರೆ?”

ಭಜನೆಯ ಹೊತ್ತಿಗೆ ಇಂದುಧರ ಗಿಟಾರ್ ಹಿಡಿದು ಹಿಂದಿನ ಸಾಲಿಗೇ ಹೋಗಿ ಗೌರವ್ವನ ಪಕ್ಕ ಕುಳಿತ. ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಅವಳ ಕೈ ಹಿಡಿದು ಮರದ ಮೇಲೆ ಇಟ್ಟ.

ಚೊಂಬು ಹಿಡಿಯುವ ಹಾಗೆ ಮೂರು ಬೆರಳುಗಳನ್ನೂ ಒಟ್ಟಿಗೆ ಇಳಿಸಿದ. ಬಲಗೈಯನ್ನು ಆರೂ ತಂತಿಗಳ ಮೇಲೆ ಎಳೆದ.

ಗೌರವ್ವ ಬೆಚ್ಚಿ ಕೈ ತೆಗೆದಳು.

ಮತ್ತೆ ಇಟ್ಟಳು.

ಅವನು ಇನ್ನೊಮ್ಮೆ ಎಳೆದ. ಅವಳು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು ಹಾಡಿದಳು. ಮುಂದಿನ ಸಾಲುಗಳವರು ಒಬ್ಬೊಬ್ಬರಾಗಿ ಹಿಂದೆ ತಿರುಗಿದರು. ಯಾರೂ ನಗಲಿಲ್ಲ. ಹಾಡು ಕೊನೆಯವರೆಗೂ ಶ್ರುತಿಯಲ್ಲೇ ಇತ್ತು.

ಮುಗಿದ ಮೇಲೆ ಅವಳು ಗಿಟಾರನ್ನು ಮೆಲ್ಲಗೆ ತಟ್ಟಿದಳು.

“ಇವತ್ತು ನೊಣ ಅಲ್ಲ ತಮ್ಮಾ, ಎಮ್ಮೆಯೇ ಮೈ ಕೊಡವಿತು.”

ಎಲ್ಲರೂ ಎದ್ದುಹೋದರು. ಇಂದುಧರ ಗುರುಗಳ ಬಳಿಗೆ ಬಂದ. ಖುಷಿಯ ನಡುವೆಯೂ ಅವನಿಗೊಂದು ಅಳುಕಿತ್ತು.

“ಗುರುಗಳೇ, ಐದೇ ತಂತಿ ನುಡಿದವು. ಬೆರಳು ಪಕ್ಕಕ್ಕೆ ತಾಗಿ ಒಂದು ಮೂಕವಾಗಿತ್ತು. ಈಗಲೇ ಕುಳಿತು ಸರಿಮಾಡಿಕೊಳ್ಳುತ್ತೇನೆ.”

ಗುರುಗಳು ಅವನ ಕೈಯಿಂದ ಗಿಟಾರ್ ತೆಗೆದುಕೊಂಡು ಕಂಬಕ್ಕೆ ಒರಗಿಸಿದರು.

“ಆ ತಂತಿ ನಾಳೆಯೂ ಅಲ್ಲೇ ಇರುತ್ತದೆ. ಚೊಂಬು ಇರುವುದಿಲ್ಲ. ಬೆಳಕಿರುವಾಗಲೇ ಹೋಗಿ ಹುಡುಕು.”