ಅಧ್ಯಕ್ಷರ ಕುರ್ಚಿ

ದೇಶ ದೇಶಗಳ ಹಡಗು ಸಭೆ. ಕ್ಯಾಪ್ಟನ್ನರ ಸಂಘದ ಪರವಾಗಿ ಕಾರವಾರದ ಗುಮಾಸ್ತ ಉಮಾಕಾಂತ ತಾಂಡೇಲ ಕೂತಿದ್ದ. ಬಂದರಿನೊಳಗೆ ಹಡಗು ನಡೆಸುವವನು ಆ ಬಂದರಿನ ದಾರಿ ಬಲ್ಲ ಪೈಲಟ್; ಕ್ಯಾಪ್ಟನ್ ಪಕ್ಕದಲ್ಲಿರುತ್ತಾನೆ, ಅಷ್ಟೆ. ಆದರೂ ಡಿಕ್ಕಿಯಾದರೆ ಜೈಲಿಗೆ ಹೋಗಬೇಕಾದವನು ಕ್ಯಾಪ್ಟನ್ ಒಬ್ಬನೇ! ಅಂಥ ಹೊಸ ನಿಯಮಕ್ಕೆ ಎಲ್ಲರೂ ಇನ್ನೇನು ಕೈ ಎತ್ತುವುದರಲ್ಲಿದ್ದರು.

"ಹಡಗಿನ ಹೊಣೆ ಕ್ಯಾಪ್ಟನ್ನನದು, ತಪ್ಪೂ ಅವನದೇ," ಅಧ್ಯಕ್ಷರು ಗುಡುಗಿದರು.

ತಾಂಡೇಲ ವೇದಿಕೆ ಹತ್ತಿದ. "ಸ್ವಾಮಿ, ದಣಿದಿದ್ದೀರಿ. ಸಂಜೆತನಕ ಸಭೆ ನಾನು ನಡೆಸ್ತೇನೆ, ನೀವು ಪಕ್ಕದಲ್ಲಿ ಕೂತಿರಿ. ನಾನೇನಾದ್ರೂ ಎಡವಟ್ಟು ಮಾಡಿದ್ರೆ ಜೈಲಿಗೆ ನೀವು ಹೋದ್ರಾಯ್ತು."

ಅಧ್ಯಕ್ಷರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನೀವು ಮಾಡಿದ್ದಕ್ಕೆ ನಾನ್ಯಾಕ್ರೀ ಹೋಗ್ಲಿ?"

ತಾಂಡೇಲ ಬೆವರು ಒರೆಸಿಕೊಂಡ. "ನಮ್ಮ ಕ್ಯಾಪ್ಟನ್ನರೂ ಅದನ್ನೇ ಕೇಳ್ತಿದ್ದಾರೆ, ಸ್ವಾಮಿ."